ಚುಂಯ್ ಎನ್ನದ ಪೆಟ್ಟಿಗೆ

ಬೆರಳ ತುದಿಯಲ್ಲಿದ್ದದ್ದು ನಾಲ್ಕೇ ಹನಿ ನೀರು. ಅಷ್ಟನ್ನು ಚಿಮುಕಿಸಲು ಹಿಲ್ಕಾ ರಾಪ್ಪನಾಳ ಕೈ ಏಳುತ್ತಿರಲಿಲ್ಲ.

ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೇ ನೆಲದ ಮೇಲೆ ಇಟ್ಟಿದ್ದಳು. ಕಾಲಿಗೆ ಸತ್ತವನದೇ ರಬ್ಬರ್ ಬೂಟು ಏರಿಸಿದ್ದಳು. ಇಪ್ಪತ್ತಾರು ವರ್ಷ ಪೊಲೀಸ್ ಕೆಲಸ ಮಾಡಿದ ಹೆಂಗಸಿಗೆ ನಾಲ್ಕು ಹನಿ ನೀರಿನ ಭಯವೇ ಎಂದು ಯಾರಾದರೂ ನಗುವುದಾದರೆ ನಗಲಿ. ಒಂಬತ್ತು ದಿನದ ಹಿಂದೆ ತೌನೊ ರೌತಿಯೊ ಎಂಬ ಎಪ್ಪತ್ತೊಂದರ ಮುದುಕ ಇದೇ ಪೆಟ್ಟಿಗೆಯೊಳಗೆ ಕೂತು, ಇದೇ ಬಿಸಿ ಫಲಕದ ಮೇಲೆ ಒಂದು ಸೌಟು ನೀರು ಹಾಕಿ, ಕರೆಂಟು ಹೊಡೆದು ಸತ್ತಿದ್ದ. ಕಡತ ಹೇಳುತ್ತಿದ್ದದ್ದು ಹಾಗೆ.

ಹೆಸರಿಗೆ ಇದು ಇನ್‌ಫ್ರಾರೆಡ್ ಸೌನಾ, ಕೂತು ಬೆವರುವ ಬಿಸಿ ಕೋಣೆ. ನೋಡಿದರೆ ಗಾಜಿನ ಬಾಗಿಲಿನ ಬಟ್ಟೆ ಬೀರು. ಒಲೆಯಿಲ್ಲ, ಕಲ್ಲಿಲ್ಲ, ಬೆನ್ನ ಹಿಂದೆ ಮರದ ಪಟ್ಟಿಗಳು, ಅವುಗಳ ಹಿಂದೆ ತೆಳ್ಳನೆಯ ಫಲಕಗಳು. ಸುಟ್ಟುಹೋದ ಒಂದು ಫಲಕವನ್ನು ವಿದ್ಯುತ್ ಇಲಾಖೆಯವರು ಕಳಚಿಕೊಂಡು ಹೋಗಿದ್ದರು. ಉಳಿದ ಮೂರು ಕೆಲಸ ಮಾಡುತ್ತಿದ್ದವು. ಇಪ್ಪತ್ತು ನಿಮಿಷ ಕಾಯಿಸಿ, ಈಗಷ್ಟೇ ಆರಿಸಿದ್ದಳು.

ಹಿಲ್ಕಾ ಉಸಿರು ಬಿಗಿಹಿಡಿದು ಬೆರಳು ಕೊಡವಿದಳು.

ಹನಿಗಳು ಫಲಕದ ಮೇಲೆ ಬಿದ್ದವು. ಸದ್ದಿಲ್ಲದೆ ಜಾರಿದವು. ಒಂದು ಹನಿ ಮರದ ಪಟ್ಟಿಗೆ ಸಿಕ್ಕಿಕೊಂಡು ಅಲ್ಲೇ ನಿಂತಿತು. ಅವಳು ಧೈರ್ಯ ಮಾಡಿ ಒದ್ದೆ ಅಂಗೈಯನ್ನೇ ಫಲಕಕ್ಕೆ ಒತ್ತಿದಳು. ಕಾಫಿ ತುಂಬಿದ ಲೋಟದಷ್ಟು ಬಿಸಿ, ಅದಕ್ಕಿಂತ ಹೆಚ್ಚಿಲ್ಲ.

ಚುಂಯ್ ಎನ್ನಲಿಲ್ಲ. ಎನ್ನುವಷ್ಟು ಕಾವು ಅದಕ್ಕೆ ಇರಲೇ ಇಲ್ಲ.

ತೌನೊನ ಅಕ್ಕ ಇಂಪಿ ಸಹಿ ಮಾಡಿಕೊಟ್ಟ ಹೇಳಿಕೆ ಬಾಯಿಪಾಠವಾಗಿತ್ತು: ‘ನಾನು ಮನೆಯ ಹಿಂದೆ ಸೌದೆ ಸೀಳುತ್ತಿದ್ದೆ. ಸ್ನಾನದ ಕೋಣೆಯ ಕಿಟಕಿ ತೆರೆದಿತ್ತು. ಒಳಗೆ ನೀರು ಹಾಕಿದ್ದು, ಚುಂಯ್ ಎಂದು ಆವಿ ಎದ್ದದ್ದು ಕೇಳಿಸಿತು. ಆಮೇಲೆ ದಡ್ ಎಂದು ಸದ್ದಾಯಿತು.’

ಈ ಹೇಳಿಕೆಯನ್ನು ಠಾಣೆಯ ಐದು ಜನ ಓದಿದ್ದರು. ಹಿಲ್ಕಾಳೂ ಮೂರು ಸಲ ಓದಿದ್ದಳು. ಒಬ್ಬರಿಗೂ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ಈ ನಾಡಿನಲ್ಲಿ ನಡೆಯಲು ಕಲಿಯುವ ಮೊದಲೇ ಮಗು ಆ ಸದ್ದು ಕೇಳಿರುತ್ತದೆ. ಸೌಟು ಎತ್ತಿದರೆ ಕಲ್ಲು ಚುಂಯ್ ಎನ್ನಬೇಕು, ಬಿಸಿ ಆವಿ ಬೆನ್ನಿಗೆ ಏರಬೇಕು. ಆ ಆವಿಗೆ ಲೋಯ್ಲು ಎಂದು ಬೇರೆಯೇ ಹೆಸರಿದೆ, ಬೇರೆ ಯಾವ ಆವಿಗೂ ಆ ಹೆಸರಿಲ್ಲ. ಸೌನಾ ಎಂದು ಓದಿದ ಕೂಡಲೇ ಐದು ಜನರ ತಲೆಯಲ್ಲೂ ಆ ಸದ್ದು ತಾನೇ ತಾನಾಗಿ ಎದ್ದಿತ್ತು.

ಠಾಣೆಯ ಮುಖ್ಯಸ್ಥನಂತೂ ಆಗಲೇ ತೀರ್ಪು ಕೊಟ್ಟಾಗಿತ್ತು. ತೌನೊ ಜೀವಮಾನವೆಲ್ಲ ಸೌನಾ ಒಲೆಗಳನ್ನು ಬೆಸುಗೆ ಹಾಕಿ ಮಾರಿದವನು. ಅಭ್ಯಾಸದ ಕೈ, ಮರೆತು ನೀರು ಹಾಕಿದ, ಪಾಪ. ಫಲಕದ ಹಿಂದೆ ತಂತಿ ಸುಲಿದಿತ್ತು, ಕರೆಂಟು ಸೋರಿದರೆ ತಾನೇ ಕಡಿಯಬೇಕಾದ ಸ್ವಿಚ್ಚಿಗೆ ಯಾರೋ ಅಡ್ಡ ತಂತಿ ಹಾಕಿದ್ದರು ಎಂಬುದಕ್ಕೂ ಮುಖ್ಯಸ್ಥನ ಬಳಿ ಉತ್ತರವಿತ್ತು: ಹಳೆಯ ಮನೆ, ಹಳೆಯ ತಂತಿ. ಸೋಮವಾರ ಅಪಘಾತವೆಂದು ಷರಾ ಬರೆದು ಕಡತ ಮುಚ್ಚುವವನಿದ್ದ.

ಹಿಲ್ಕಾಳ ಕಣ್ಣು ತೆರೆಸಿದ್ದು ಒಂದು ಹಾಳೆ. ಅಡುಗೆಮನೆಯ ಫ್ರಿಜ್ಜಿನ ಮೇಲೆ, ಹಲ್ಲಿನ ಡಾಕ್ಟರ ಚೀಟಿಯ ಕೆಳಗೆ ಅಂಟಿಸಿದ್ದ ಹಾಳೆ ಅದು. ಮುಕ್ಕಾಲು ಗಂಟೆಯ ಹಿಂದೆ, ಕಡೆಯ ಸಲ ಮನೆ ನೋಡಿಹೋಗೋಣವೆಂದು ಬಂದವಳಿಗೆ ಕಂಡಿತ್ತು.

ಕಳೆದ ವಸಂತದಲ್ಲಿ ತೌನೊನ ಹೆಂಡತಿ ಲಹ್ಯಾಳಿಗೆ ಹೃದಯದ ಕವಾಟದ ಆಪರೇಷನ್ ಆಗಿತ್ತು. ವರ್ಷ ತುಂಬುವವರೆಗೆ ಒಲೆಯ ಸೌನಾ ಕೂಡದು, ಬೇಕೇ ಬೇಕೆಂದರೆ ಕಡಿಮೆ ಕಾವಿನ ಇನ್‌ಫ್ರಾರೆಡ್ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅಲ್ಲಿಂದ ಗಂಡಹೆಂಡಿರಿಗೆ ಬೇಸಿಗೆಯಿಡೀ ಒಂದೇ ಚರ್ಚೆ. ಹಾಳೆಯ ನಡುವೆ ಗೆರೆ ಎಳೆದು ಒಂದು ಬದಿಗೆ ‘ಕಲ್ಲು’, ಇನ್ನೊಂದು ಬದಿಗೆ ‘ಪೆಟ್ಟಿಗೆ’ ಎಂದು ಬರೆದುಕೊಂಡಿದ್ದರು.

ಪೆಟ್ಟಿಗೆಯ ಕಡೆ ಲಹ್ಯಾಳ ದುಂಡು ಅಕ್ಷರ. ಕಾಲು ಗಂಟೆಯಲ್ಲಿ ಸಿದ್ಧ. ಗೋಡೆಯ ಪ್ಲಗ್ಗೇ ಸಾಕು. ಐವತ್ತೈದು ಡಿಗ್ರಿ, ಉಸಿರು ಕಟ್ಟುವುದಿಲ್ಲ. ಬೆನ್ನುನೋವಿಗೆ ಹಿತ. ಚಳಿಗಾಲದಲ್ಲಿ ಸರೋವರದ ದಂಡೆಯ ಸೌನಾದವರೆಗೆ ಹಿಮದಲ್ಲಿ ಜಾರಬೇಕಿಲ್ಲ. ಕಲ್ಲಿನ ಕಡೆ ತೌನೊನ ಗೀಚು. ಕಾಯಲು ಎರಡು ಗಂಟೆ, ಆದರೆ ಆ ಎರಡು ಗಂಟೆ ಯಾರೂ ನನ್ನನ್ನು ಬೇರೆ ಕೆಲಸಕ್ಕೆ ಕರೆಯುವುದಿಲ್ಲ. ನೆರೆಯವರು ನಾಲ್ಕು ಜನ ಹಿಡಿಯುತ್ತಾರೆ. ತೊಂಬತ್ತು ಡಿಗ್ರಿ. ಅಪ್ಪ ಹುಟ್ಟಿದ್ದು ಅದರಲ್ಲೇ, ಆಗ ಹೆರಿಗೆಯೂ ಸೌನಾದಲ್ಲೇ.

ಪೆಟ್ಟಿಗೆಯ ಅವಗುಣಗಳ ಸಾಲಿನ ಕೊನೆಗೆ ಅವನು ಪೆನ್ಸಿಲ್ ಒತ್ತಿ ಬರೆದಿದ್ದ: ‘ಚುಂಯ್ ಅನ್ನೋದಿಲ್ಲ.’ ಅದರ ಕೆಳಗೆ ಮೂರು ಗೆರೆ.

ಕೊನೆಗೆ ಗೆದ್ದವಳು ಲಹ್ಯಾ. ಪೆಟ್ಟಿಗೆ ಬಂತು. ತೌನೊ ಅದಕ್ಕೆ ಬ್ರೆಡ್ ಕಾಯಿಸುವ ಯಂತ್ರವೆಂದು ಹೆಸರಿಟ್ಟು ಊರೆಲ್ಲ ಆಡಿಕೊಂಡ. ಎರಡು ತಿಂಗಳು ಲಹ್ಯಾ ದಿನಾ ಸಂಜೆ ಒಬ್ಬಳೇ ಅದರಲ್ಲಿ ಕೂತಳು. ಅವನು ಅದರ ಹೊಸ್ತಿಲು ದಾಟಿದ್ದನ್ನು ಸಾಯುವ ದಿನದವರೆಗೆ ಯಾರೂ ಕಂಡಿರಲಿಲ್ಲ.

ಹಿಲ್ಕಾ ಬೂಟು ಕಳಚಿ ಅಡುಗೆಮನೆಗೆ ನಡೆದಳು. ಈಗ ಎಲ್ಲ ಒಂದೊಂದಾಗಿ ಜೋಡಣೆಯಾಗುತ್ತಿತ್ತು. ಇಂಪಿ ಆ ಸದ್ದು ಕೇಳಿರಲಾರಳು. ಎಪ್ಪತ್ತನಾಲ್ಕು ವರ್ಷ ಕಲ್ಲಿನ ಸೌನಾ ಬಿಟ್ಟು ಬೇರೆ ಕಾಣದವಳು, ಇರದ ಸದ್ದನ್ನು ಇತ್ತೆಂದು ಕಟ್ಟಿ ಹೇಳಿದ್ದಾಳೆ. ಪೆಟ್ಟಿಗೆಯ ಮೇಲೆ ಅವಳಿಗೆ ಮೊದಲಿನಿಂದಲೂ ಕೆಂಡದಂಥ ಸಿಟ್ಟು. ನಮ್ಮಪ್ಪನ ಮನೆಯಲ್ಲಿ ಬೀರುವಿನೊಳಗೆ ಕೂತು ಬೆವರುವ ಗತಿ ಬಂತೇ ಎಂದು ಅಂಗಡಿಯಲ್ಲಿ ಎಲ್ಲರೆದುರು ಹೇಳಿದ್ದಳು.

ಪೆಟ್ಟಿಗೆಯಲ್ಲಿ ದಿನಾ ಕೂರುತ್ತಿದ್ದದ್ದು ಲಹ್ಯಾ. ತಂತಿ ಸುಲಿದು ಇಟ್ಟವರು ಕಾದಿದ್ದು ಲಹ್ಯಾಳನ್ನು. ತೌನೊ ಯಾಕೋ ನಡುವೆ ಹೋಗಿ ಸಿಕ್ಕಿಬಿದ್ದ. ದಂಡೆಯ ಜಮೀನು ಈಗ ಲಹ್ಯಾಳದು. ಅವಳ ನಂತರ, ತಂದೆ ಬರೆದಿಟ್ಟ ಮರಣಪತ್ರದ ಪ್ರಕಾರ, ಇಂಪಿಯದು. ಅದೇ ಇಂಪಿ, ತಮ್ಮನ ಮಣ್ಣಾದ ಮರುದಿನವೇ ನೆರವಿಗೆಂದು ಗಂಟುಮೂಟೆ ಸಮೇತ ಈ ಮನೆಗೆ ಬಂದು ಕೂತಿದ್ದಳು.

ಬೆಳಿಗ್ಗೆ ಫೋನಿನಲ್ಲಿ ಲಹ್ಯಾ ಹೇಳಿದ್ದಳು: ಕೀಲಿ ಕಾಲೊರಸಿನ ಕೆಳಗಿದೆ, ಇಂದು ಶನಿವಾರವಲ್ಲವೇ, ಇಂಪಿ ದಂಡೆಯ ಸೌನಾ ಕಾಯಿಸುತ್ತಾಳೆ, ನಾನು ಹೊರಗೆ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿರುತ್ತೇನೆ.

ಹಿಲ್ಕಾ ಕಿಟಕಿಯಿಂದ ಬಗ್ಗಿ ನೋಡಿದಳು. ಇಳಿಜಾರಿನ ಕೊನೆಯಲ್ಲಿ ಬೂದು ಬಣ್ಣದ ಸರೋವರ, ಅದರ ಅಂಚಿಗೆ ಕಪ್ಪಾದ ಮರದ ದಿಮ್ಮಿಗಳ ಪುಟ್ಟ ಸೌನಾ, ಚಿಮಣಿಯಿಂದ ನೆಟ್ಟಗೆ ಏಳುತ್ತಿದ್ದ ಹೊಗೆ. ಜಗಲಿಯ ಬೆಂಚಿನ ಮೇಲೆ ಕಂಬಳಿ ಇತ್ತು. ಲಹ್ಯಾ ಇರಲಿಲ್ಲ. ಬಾಗಿಲ ಬಳಿ ಎರಡು ಜೊತೆ ಚಪ್ಪಲಿಗಳಿದ್ದವು.

ಹಿಲ್ಕಾ ಮುಖ್ಯಸ್ಥನಿಗೆ ಫೋನು ಮಾಡಿದಳು. ಅಕ್ಟೋಬರಿನ ಶನಿವಾರ ಠಾಣೆಯ ಗಂಡಸರೆಲ್ಲ ಮೂಸ್ ಜಿಂಕೆ ಬೇಟೆಗೆ ಕಾಡು ಸೇರಿರುತ್ತಾರೆ, ಫೋನು ಆರಿಸಿರುತ್ತಾರೆ. ಅವನದೂ ಆರಿತ್ತು. ರಜೆಯ ದಿನವಾದ್ದರಿಂದ ಪಿಸ್ತೂಲು ಠಾಣೆಯ ಕಪಾಟಿನಲ್ಲಿತ್ತು. ಹಿಲ್ಕಾ ಇಳಿಜಾರಿನಲ್ಲಿ ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಬಟ್ಟೆ ಬಿಚ್ಚುವ ಹೊರಕೋಣೆ ದಾಟಿ ಒಳಬಾಗಿಲು ತೆರೆದದ್ದೇ ಕಾವು ಮುಖಕ್ಕೆ ರಾಚಿತು. ಮಬ್ಬು ಬೆಳಕಿನಲ್ಲಿ ಇಬ್ಬರು ಬೆತ್ತಲೆ ಮುದುಕಿಯರು. ಇಂಪಿ ಒಲೆಯ ಪಕ್ಕ, ಬಾಗಿಲಿಗೆ ಹತ್ತಿರ, ತೊಡೆಯ ಮೇಲೆ ಸೌಟು. ನಲವತ್ತು ವರ್ಷ ಕಾಡಿನಲ್ಲಿ ಮರ ಕಡಿದ ತೋಳುಗಳು ಇನ್ನೂ ಜೋತುಬಿದ್ದಿರಲಿಲ್ಲ. ಲಹ್ಯಾ ಕೆಳಗಿನ ಹಲಗೆಯ ಮೇಲೆ ಮುದುಡಿ ಕೂತಿದ್ದಳು. ಎದೆಯ ನಡುವಿನ ಹೊಲಿಗೆಯ ಗುರುತು ಕೆಂಪಗೆ ಎದ್ದುಕಾಣುತ್ತಿತ್ತು.

“ಬಾಗ್ಲು ಹಾಕು, ಕಾವೆಲ್ಲ ಹೋಗುತ್ತೆ. ಕೋಟು ಹಾಕ್ಕೊಂಡು ಸೌನಾಕ್ಕೆ ಬರೋದನ್ನ ಪೊಲೀಸರು ಯಾವಾಗ ಕಲಿತ್ರು?” ಎಂದಳು ಇಂಪಿ.

ಹಿಲ್ಕಾ ಅವಳನ್ನು ಲೆಕ್ಕಿಸದೆ ಲಹ್ಯಾಳಿಗೆ ಹೊರಗೆ ಬರಲು ಹೇಳಿದಳು. ಡಾಕ್ಟರ ಮಾತು ನೆನಪಿಸಿದಳು. ಲಹ್ಯಾ ಅಳುಕುತ್ತ ನಕ್ಕಳು. ಇಂಪಿ ಅಷ್ಟು ಪ್ರೀತಿಯಿಂದ ಕಾಯಿಸಿದ್ದಾಳೆ, ಐದೇ ನಿಮಿಷ ಕೂತು ಬರುತ್ತೇನೆ, ನೀನೂ ಬಾ ಎಂದಳು. ಆ ಕಣ್ಣುಗಳಲ್ಲಿ ಯಾಚನೆಯಿತ್ತು. ಒಬ್ಬಳೇ ಬಿಟ್ಟುಹೋಗಬೇಡ ಎನ್ನುತ್ತಿದ್ದಾಳೆ ಎಂದುಕೊಂಡಳು ಹಿಲ್ಕಾ.

ಎಳೆದುಕೊಂಡು ಹೋಗಬಹುದಿತ್ತು. ಆದರೆ ಇಂಪಿಯ ಪಕ್ಕದಲ್ಲೇ ಕುದಿಯುವ ನೀರಿನ ಹಂಡೆ ಇತ್ತು, ಅವಳಿಗೆ ಈಗಲೇ ಸುಳಿವು ಕೊಡುವುದು ಬೇಡವೆನಿಸಿತು. ಹಿಲ್ಕಾ ಹೊರಕೋಣೆಯಲ್ಲಿ ಬಟ್ಟೆ ಬಿಚ್ಚಿ ಗೂಟಕ್ಕೆ ಹಾಕಿದಳು. ಫೋನು ಕೋಟಿನ ಜೇಬಿನಲ್ಲೇ ಉಳಿಯಿತು. ಉಟ್ಟ ಬಟ್ಟೆಯಿಲ್ಲದೆ, ಬರಿಗೈಯಲ್ಲಿ ಕೊಲೆಗಾತಿಯ ಪಕ್ಕ ಹೋಗಿ ಕೂರುವುದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಮೇಲಿನ ಹಲಗೆಯೇರಿ ಕೂತಳು. ಗೋಡೆಯ ಮಾಪಕ ತೊಂಬತ್ತಾರು ತೋರಿಸುತ್ತಿತ್ತು.

ಇಂಪಿ ಸೌಟು ಬೀಸಿದಳು. ಕಲ್ಲುಗಳು ಚುಂಯ್ ಎಂದು ಸಿಡಿದವು. ಆವಿ ಸೂರಿಗೆ ಬಡಿದು ಹಿಲ್ಕಾಳ ಬೆನ್ನ ಮೇಲೆ ಇಳಿಯಿತು. ಕೆಳಗೆ ಲಹ್ಯಾ ಒಂದು ಕೈಯಿಂದ ಹಲಗೆ ಹಿಡಿದು, ಇನ್ನೊಂದು ಕೈಯನ್ನು ಎದೆಗೆ ಒತ್ತಿಕೊಂಡಳು. ತುಟಿ ಬಿಳಿಚಿತ್ತು.

“ತಲೆ ತಿರುಗ್ತಿದೆ ಹಿಲ್ಕಾ,” ಎಂದಳು ಮೆಲ್ಲಗೆ.

“ನೀವು ಹೋಗಿ, ಜಗಲಿ ಮೇಲೆ ಕೂತ್ಕೊಳ್ಳಿ. ನಾನು ಇಲ್ಲೇ ಇರ್ತೀನಿ,” ಎಂದಳು ಹಿಲ್ಕಾ.

ಲಹ್ಯಾ ಗೋಡೆ ಹಿಡಿದುಕೊಂಡು ಎದ್ದು, ಇಂಪಿಯನ್ನು ದಾಟಿ ಹೊರಗೆ ಹೋದಳು. ಬಾಗಿಲನ್ನು ಜೋಪಾನವಾಗಿ ಮುಚ್ಚಿದಳು. ಹಿಲ್ಕಾಳಿಗೆ ಹೋದ ಉಸಿರು ಬಂದಂತಾಯಿತು. ಲಹ್ಯಾ ಸುರಕ್ಷಿತ. ಇನ್ನು ತನ್ನ ಕೆಲಸ ಇಂಪಿಯನ್ನು ಇಲ್ಲೇ ಹಿಡಿದಿಡುವುದು, ಬಾಯಿ ಬಿಡಿಸುವುದು. ಆದರೆ ಬಾಗಿಲಿಗೂ ತನಗೂ ನಡುವೆ ಕೂತಿದ್ದವಳು ಇಂಪಿಯೇ.

ಇಂಪಿ ಬೆನ್ನು ಹಾಕಿ ಒಲೆಗೆ ಸೌದೆ ಒಡ್ಡುತ್ತಿದ್ದಳು. ಹಿಲ್ಕಾ ಗಂಟಲು ಸರಿಮಾಡಿಕೊಂಡು, ತೌನೊ ಸತ್ತ ದಿನ ನೀವು ಕೇಳಿದ ಸದ್ದು ಎಂಥದು ಎಂದಳು.

ಇಂಪಿ ಇನ್ನೊಂದು ಕೊರಡು ಒಡ್ಡಿದಳು. ಒಲೆಯೊಳಗೆ ಬರ್ಚ್ ಮರದ ತೊಗಟೆ ಚಟಪಟ ಎಂದಿತು.

ಆ ಪೆಟ್ಟಿಗೆಯಲ್ಲಿ ಚುಂಯ್ ಅನ್ನುವ ಕಲ್ಲೇ ಇಲ್ಲ ಎಂದಳು. ಮುದುಕಿ ಅಲುಗಾಡಲಿಲ್ಲ. ಆ ಅಗಲವಾದ ಬೆನ್ನು ಬೆವರಿನಿಂದ ಹೊಳೆಯುತ್ತಿತ್ತು. ತೊಂಬತ್ತಾರು ಡಿಗ್ರಿಯಲ್ಲೂ ಹಿಲ್ಕಾಳ ತೋಳಿನ ರೋಮ ನಿಂತವು. ಸಿಕ್ಕಿಬಿದ್ದೆನೆಂದು ಇವಳಿಗೆ ಗೊತ್ತಾಗಿದೆ, ಈಗ ಯೋಚಿಸುತ್ತಿದ್ದಾಳೆ, ಇನ್ನೊಂದು ಗಳಿಗೆಗೆ ತಿರುಗುತ್ತಾಳೆ, ಕೈಯಲ್ಲಿ ಹಂಡೆಯಿರುತ್ತದೆ.

“ತಂತಿ ಸುಲಿದದ್ದು ನೀವೇನಾ?” ಎಂದಳು.

ಇಂಪಿ ಒಲೆಯ ಬಾಗಿಲು ಮುಚ್ಚಿ ತಿರುಗಿದಳು. ಕೈಯಲ್ಲಿ ಸೌಟಲ್ಲದೆ ಇನ್ನೇನೂ ಇರಲಿಲ್ಲ. ಹಿಲ್ಕಾಳ ಮುಖ ನೋಡಿ ಹುಬ್ಬೇರಿಸಿದಳು.

“ಏನಾದ್ರೂ ಅಂದ್ಯಾ? ಬಾಯಿ ಆಡ್ತಿದೆ. ಜೋರಾಗಿ ಹೇಳು ತಾಯಿ, ಯಂತ್ರ ಹೊರಗೆ ತೆಗೆದಿಟ್ಟು ಬಂದಿದೀನಿ.”

“ಯಾವ ಯಂತ್ರ?”

ಮುದುಕಿ ಕಿವಿ ತೋರಿಸಿದಳು, ಒದ್ದೆಗೂದಲನ್ನು ಹಿಂದಕ್ಕೆ ತಳ್ಳಿ. ಎರಡೂ ಕಿವಿಯ ಹಿಂದೆ ಯಂತ್ರ ಕೂರುವ ಕಡೆ ಚರ್ಮ ಬೆಳ್ಳಗೆ ತಗ್ಗಾಗಿತ್ತು. ಹಿಲ್ಕಾ ಕೆಳಗಿಳಿದು ಅವಳ ಎದುರಿಗೇ ಕೂತಳು. ಈಗ ಕೂಗಲೇಬೇಕಾಯಿತು.

“ಅದಿಲ್ದೆ ನಿಮಗೆ ಎಷ್ಟು ಕೇಳ್ಸುತ್ತೆ?”

“ಗುಡುಗು ಕೇಳ್ಸುತ್ತೆ,” ಎಂದು ನಕ್ಕಳು ಇಂಪಿ. “ಯಾರಿಗೂ ಹೇಳ್ಬೇಡ. ಕಿವುಡಿ ಅನ್ನಿಸ್ಕೊಳ್ಳೋಕೆ ನಂಗಿಷ್ಟ ಇಲ್ಲ. ಅದಕ್ಕೇ ಕೂದಲು ಬಿಟ್ಟಿರೋದು.”

“ತೌನೊ ಸತ್ತ ದಿನ ಸೌದೆ ಸೀಳ್ತಿದ್ರಲ್ಲ, ಆಗ ಹಾಕ್ಕೊಂಡಿದ್ರಾ?”

“ಸೌದೆ ಸೀಳೋವಾಗ ಯಾರು ಹಾಕ್ಕೊಳ್ತಾರೆ? ಕೊಡಲಿ ಏಟು ತಲೆಗೇ ಬಿದ್ದ ಹಾಗಾಗುತ್ತೆ. ಜೇಬಲ್ಲಿತ್ತು.”

“ಮತ್ತೆ ಆ ಚುಂಯ್ ಅನ್ನೋ ಸದ್ದು?”

ಇಂಪಿಯ ನಗು ನಿಂತಿತು. ಸೌಟನ್ನು ಬಕೆಟ್ಟಿನೊಳಗೆ ಇಟ್ಟು, ಒದ್ದೆ ಕೈಯಿಂದ ಮುಖ ಒರೆಸಿಕೊಂಡಳು. ಈ ಗಟ್ಟಿಮುಟ್ಟು ಹೆಂಗಸು ನಾಚಿದ್ದನ್ನು ಹಿಲ್ಕಾ ಅದೇ ಮೊದಲು ಕಂಡಳು.

“ನಂಗೇನೂ ಕೇಳ್ಸಿಲ್ಲ ಹಿಲ್ಕಾ. ನನ್ನ ತಮ್ಮ ಹತ್ತು ಹೆಜ್ಜೆ ದೂರದಲ್ಲಿ ಸಾಯ್ತಿದ್ದ, ನಂಗೆ ಕೇಳ್ಸಲಿಲ್ಲ. ನೀವು ಬಂದು ಕೇಳಿದ್ರೆ ಏನು ಹೇಳ್ಲಿ? ಲಹ್ಯಾನೇ ಹೇಳ್ಕೊಟ್ಟಳು. ಅಷ್ಟು ಹತ್ತಿರ ಇದ್ದು ಏನೂ ಕೇಳ್ಸಿಲ್ಲ ಅಂದ್ರೆ ನಿನ್ನ ಮೇಲೇ ಬರುತ್ತೆ, ಚುಂಯ್ ಅಂತು, ಆಮೇಲೆ ದಡ್ ಅಂತು ಅಂತ ಹೇಳು ಅಂದಳು. ಮರೀಬಾರ್ದು ಅಂತ ಎರಡು ಸಲ ಹೇಳಿಸಿದಳು.”

ಹಿಲ್ಕಾಳ ಮೈಯ ಬೆವರು ಅಲ್ಲಲ್ಲೇ ತಣ್ಣಗಾಯಿತು.

ಎರಡು ತಿಂಗಳು ದಿನಾ ಸಂಜೆ ಆ ಪೆಟ್ಟಿಗೆಯಲ್ಲಿ ಕೂತವಳು ಲಹ್ಯಾ. ಅದು ಚುಂಯ್ ಎನ್ನುವುದಿಲ್ಲವೆಂದು ಈ ಊರಿನಲ್ಲಿ ಸರಿಯಾಗಿ ಬಲ್ಲವಳು ಅವಳೊಬ್ಬಳೇ. ಗೊತ್ತಿದ್ದೂ ಆ ಸದ್ದನ್ನು ಇಂಪಿಯ ಬಾಯಲ್ಲಿ ಇಟ್ಟಿದ್ದಳು. ಒಂದಲ್ಲ ಒಂದು ದಿನ ಯಾರಾದರೂ ಫಲಕಕ್ಕೆ ನೀರು ಚಿಮುಕಿಸಿ ನೋಡಲಿ, ಸುಳ್ಳು ಹೇಳಿದವಳು ಇಂಪಿಯೆಂದು ಓಡಿಬರಲಿ ಎಂದು. ತೌನೊನನ್ನು ಪೆಟ್ಟಿಗೆಯಲ್ಲಿ ಕೂರಿಸಿದವಳೂ ಅವಳೇ, ಇನ್ನು ಇಂಪಿಯೂ ಇಲ್ಲವಾದರೆ ದಂಡೆಯ ಜಮೀನು ಪೂರ್ತಿ ಅವಳದೇ. ಹಿಲ್ಕಾ ಓಡಿ ಬಂದಿದ್ದಳು. ಅಷ್ಟೇ ಅಲ್ಲ, ಕೊಲೆಗಾತಿಯನ್ನು ತನ್ನ ಕೈಯಾರೆ ಹೊರಗೆ ಕಳಿಸಿದ್ದಳು.

ಮತ್ತು ಇಷ್ಟೂ ಹೊತ್ತು ಈ ದಿಮ್ಮಿ ಗೋಡೆಯ ಒಳಗೆ ಕೂತು ಗಂಟಲು ಹರಿಯುವಂತೆ ಕೂಗಿದ್ದಳು.

ಹೊರಕೋಣೆಯಲ್ಲಿ ಹಲಗೆ ಕಿರುಗುಟ್ಟಿತು. ಬರಿಗಾಲ ಹೆಜ್ಜೆ ಬಾಗಿಲ ತನಕ ಬಂದು ನಿಂತಿತು. ಏನೋ ಉದ್ದನೆಯದನ್ನು ನೆಲದ ಮೇಲೆ ಎಳೆದ ಸದ್ದು. ದೋಣಿಯ ಹುಟ್ಟು ಇರಬೇಕು. ಮರಕ್ಕೆ ಮರ ತಾಗಿತು, ಒಮ್ಮೆ ಬಲವಾಗಿ ಬಿಗಿಯಿತು.

ಹಿಲ್ಕಾ ಒಂದೇ ನೆಗೆತಕ್ಕೆ ಬಾಗಿಲಿಗೆ ಭುಜ ಕೊಟ್ಟಳು. ಹೊರಕ್ಕೆ ತೆರೆಯಬೇಕಾದ ಬಾಗಿಲು ಕೂದಲೆಳೆಯಷ್ಟೂ ಸರಿಯಲಿಲ್ಲ. ಬಿಸಿ ಮರಕ್ಕೆ ತಾಗಿದ ಭುಜ ಚುರ್ರೆಂದಿತು. ಲಹ್ಯಾ ಎಂದು ಕೂಗಿದಳು. ಇನ್ನೊಮ್ಮೆ ಕೂಗಿದಳು.

ಬಾಗಿಲ ಆಚೆಯಿಂದ, ಬಹಳ ಹತ್ತಿರದಿಂದ, ದನಿ ಬಂತು. ಅದರಲ್ಲಿ ತಲೆ ತಿರುಗುವವರ ಸುಸ್ತು ಇರಲಿಲ್ಲ.

“ಇವತ್ತು ಅವಳೊಬ್ಬಳೇ ಇರ್ಬೇಕಿತ್ತು ಹಿಲ್ಕಾ. ನೀನು ಮನೆ ನೋಡ್ಕೊಂಡು ಹೋಗಿ, ಇಲ್ಲಿಗೆ ಸೋಮವಾರ ಬಂದಿದ್ರೆ ಸಾಕಾಗಿತ್ತು.”

ಹೆಜ್ಜೆಗಳು ದೂರವಾದವು. ಹಿಲ್ಕಾ ಬಾಗಿಲಿಗೆ ಬೆನ್ನುಕೊಟ್ಟು ನಿಂತಳು.

ಒಲೆಯ ಕಡೆ ಮುಖ ಮಾಡಿದ್ದ ಇಂಪಿಗೆ ಇದಾವುದೂ ಕಂಡಿರಲಿಲ್ಲ, ಕೇಳಿಸಿರಲಿಲ್ಲ. ಮನಸ್ಸಿನ ಭಾರ ಇಳಿಸಿದ ಮೇಲೆ ಅವಳ ಮುಖ ಹಗುರಾಗಿತ್ತು. ಒಲೆಗೆ ಇನ್ನೆರಡು ಕೊರಡು ತುರುಕಿ ಬಾಗಿಲು ಮುಚ್ಚಿದಳು, ಬಕೆಟ್ಟಿನಿಂದ ತುಂಬು ಸೌಟು ಎತ್ತಿದಳು, ಹಿಲ್ಕಾಳ ಕಡೆ ತಿರುಗಿ ಅಕ್ಕರೆಯಿಂದ ನಕ್ಕಳು.

“ಚಳಿ ಆಗ್ತಿದ್ಯಾ ನಿಂಗೆ? ಹಾಗ್ಯಾಕೆ ನಡುಗ್ತಿದ್ದೀಯ? ಇರು, ಇನ್ನೊಂದು ಹಾಕ್ತೀನಿ.”